ಬಾಬಿನ್ ಖಾಲಿಯಾದಾಗಲೆಲ್ಲ ಒಂದು ಪ್ರಾರ್ಥನೆ: ನನ್ನ ಅನುಭವ

"ಟೈಲರ್ ಅಂಗಡಿ ಇಟ್ಟವನು ನೀನು. ದಿನಾ ಆರಾಧನೆ ಅಂದ್ರೆ ಆಗೋ ಮಾತಲ್ಲ. ಭಾನುವಾರ ತಪ್ಪದೆ ಬಾ, ಸಾಕು" ಎಂದು ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ಮೂರು ವರ್ಷದ ಹಿಂದೆ ಹೇಳಿದ್ದರು. ಈಗ ದಿನದ ಆರಾಧನೆ ನಡೆಸಿಕೊಂಡು ಬಂದು 14 ತಿಂಗಳಾಯಿತು. ತಪ್ಪಿದ್ದು ಹತ್ತೋ ಹನ್ನೆರಡೋ ದಿನ ಇರಬಹುದು. ಹೋದ ತಿಂಗಳು ಅದೇ ಹಿರಿಯರು ಅಂಗಡಿಗೆ ಬಂದು, ಹೇಗೆ ಮಾಡ್ತೀಯ ಹೇಳು ಎಂದರು.

ಮೊದಲು ಸೋತದ್ದನ್ನು ಹೇಳುತ್ತೇನೆ. ಭಾನುವಾರದ ಆರಾಧನೆಯನ್ನೇ ಚಿಕ್ಕದು ಮಾಡಿ ಮನೆಗೆ ತಂದಿದ್ದೆ. ರಾತ್ರಿ ಒಂಬತ್ತಕ್ಕೆ ಗೀತೆ, ಬೈಬಲ್ ವಾಚನ, ನನ್ನದೊಂದು ಪ್ರಸಂಗ (ಉಪದೇಶ), ಪ್ರಾರ್ಥನೆ. 40 ನಿಮಿಷ. ಹಳೇ ಹಾರ್ಮೋನಿಯಂ ಎಂಟು ಸಾವಿರಕ್ಕೆ ಕೊಂಡೆ. ಸ್ಪೀಕರ್‌ಗೆ ಎರಡೂವರೆ, ಬಡಗಿಯಿಂದ ಮಾಡಿಸಿದ ಸ್ಟ್ಯಾಂಡಿಗೆ ಆರು. ಹದಿನೇಳು ಸಾವಿರದ ಹತ್ತಿರ ಹೋಯಿತು. ನಡೆದದ್ದು 19 ದಿನ. ಮದುವೆ ಸೀಸನ್ ಬಂತು, ನಾನು ಅಂಗಡಿ ಮುಚ್ಚುವುದೇ ಹತ್ತೂವರೆಗೆ. ಹೆಂಡತಿ ನರ್ಸ್, ವಾರ ಬಿಟ್ಟು ವಾರ ನೈಟ್ ಡ್ಯೂಟಿ. ಬೆಳಗ್ಗೆ ಐದಕ್ಕೆ ಬದಲಾಯಿಸಿ ನೋಡಿದೆ. ಅದು ಇನ್ನೂ ಬೇಗ ನಿಂತಿತು. ಒಂದು ದಿನ ಏಳಲಿಲ್ಲ ಅಂತ ಮಗಳಿಗೆ ಜೋರಾಗಿ ಬೈದೆ. ಬೈದ ಬಾಯಲ್ಲೇ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿದೆ. ಅವತ್ತು ನನಗೆ ಬಹಳ ನೋವಾಯಿತು. ನಿಲ್ಲಿಸಿಬಿಟ್ಟೆ.

ಆಮೇಲೆ ಬೈಬಲಿನ ದಾನಿಯೇಲನ ಪುಸ್ತಕದ 6ನೇ ಅಧ್ಯಾಯ ನೆನಪಾಯಿತು. ಅವನು ರಾಜನ ಕೆಲಸದಲ್ಲಿದ್ದವನು, ಬಿಡುವಿದ್ದವನಲ್ಲ. ಆದರೂ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಹಾಗಾದರೆ ನಾನೂ ಬಿಡುವು ಹುಡುಕುವುದು ಬೇಡ, ಕೈ ಹೇಗೂ ಮಾಡುವ ಕೆಲಸಕ್ಕೇ ಪ್ರಾರ್ಥನೆ ಕಟ್ಟೋಣ ಎಂದುಕೊಂಡೆ. ಬ್ಲೌಸ್, ಪ್ಯಾಂಟ್ ಎಲ್ಲ ಸೇರಿ ದಿನಕ್ಕೆ ಹತ್ತು ಹನ್ನೆರಡು ಸಲ ಬಾಬಿನ್ (ಮಷೀನಿನ ಕೆಳಗಿನ ದಾರದ ಪುಟ್ಟ ಉರುಳೆ) ಖಾಲಿಯಾಗುತ್ತದೆ. ದಾರ ಸುತ್ತಲು ಅರ್ಧ ನಿಮಿಷ. ಆ ಅರ್ಧ ನಿಮಿಷ, ಮಷೀನಿನ ಮೇಲೆ ಯಾರ ಬಟ್ಟೆ ಇದೆಯೋ ಅವರಿಗಾಗಿ ಮನಸ್ಸಿನಲ್ಲೇ ಪ್ರಾರ್ಥನೆ. ಅಳತೆ ಚೀಟಿಯಲ್ಲಿ ಹೆಸರು ಇರುತ್ತದೆ, ಬೇರೆ ಪಟ್ಟಿ ಬೇಕಾಗಿಲ್ಲ. ಅವರು ಯಾವ ಜಾತಿ, ಯಾವ ಧರ್ಮ ಅಂತ ನೋಡುವುದಿಲ್ಲ.

ಇದು ಆರಾಧನೆ ಹೇಗಾಗುತ್ತೆ ಎಂದು ಕೆಲವರು ಕೇಳಿದರು. ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಒಂದು ಮಾತು. ಮೊದಲು ವಾರಕ್ಕೆ ಆರೇಳು ಬ್ಲೌಸ್ ಆಲ್ಟರೇಷನ್‌ಗೆ ವಾಪಸ್ ಬರುತ್ತಿದ್ದವು. ಈಗ ಒಂದೋ ಎರಡೋ. ಹೆಸರು ಹಿಡಿದು ಪ್ರಾರ್ಥಿಸಿದ ಮೇಲೆ ಅವರ ಬಟ್ಟೆಯನ್ನು ಹೇಗೋ ಹೊಲಿದು ಬಿಸಾಡಲು ಕೈ ಬರುವುದಿಲ್ಲ.

ನಡುವೆ ಇನ್ನೊಂದು ಪ್ರಯತ್ನ ಮಾಡಿದೆ. ಕೀರ್ತನೆಗಳನ್ನು (ಬೈಬಲಿನ ಸ್ತುತಿಗೀತೆಗಳು) ನನ್ನ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಸ್ತ್ರಿ ಮಾಡುವಾಗ ಹಾಕಿದೆ. ವಾರದೊಳಗೆ ಅದು ರೇಡಿಯೋ ಥರ ಆಯಿತು. ಕಿವಿಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಇಸ್ತ್ರಿಗೆ ಸುಮ್ನೆ ಇರುವುದೇ ಒಳ್ಳೆಯದು.

ಮನೆಯವರ ಜೊತೆ ಊಟ ಆದ ಕೂಡಲೇ ಒಂದೇ ಒಂದು ಕೀರ್ತನೆ, ತಟ್ಟೆ ಎತ್ತುವ ಮೊದಲು. ಯಾವುದು ಎಂಬುದಕ್ಕೆ ತಾರೀಖು ಹಿಡಿಯುತ್ತೇವೆ. 7ನೇ ತಾರೀಖಾದರೆ 7, 37, 67, 97, 127. ಕೀರ್ತನೆ ಒಟ್ಟು 150, ಹೀಗೆ 30 ಸೇರಿಸುತ್ತಾ ಹೋದರೆ ದಿನಕ್ಕೆ ಐದು. ಐದರಲ್ಲಿ ಒಂದನ್ನು ಮಗಳು ಆರಿಸುತ್ತಾಳೆ. ಹದಿನೈದರ ಹುಡುಗಿ ತಾನಾಗಿ ಆರಿಸುವ ಹಾಗೆ ಹೇಗಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕೇಳಿದವರಿಗೆ ಹೇಳುತ್ತೇನೆ. ನೈಟ್ ಡ್ಯೂಟಿ ಇದ್ದಾಗ ಹೆಂಡತಿ ಬಸ್ಸಿನಲ್ಲಿ ಅದನ್ನೇ ಓದಿಕೊಳ್ಳುತ್ತಾಳೆ.

ಹಾರ್ಮೋನಿಯಂ ಅನ್ನು ಹಳ್ಳಿಯ ಸಭೆಯೊಂದಕ್ಕೆ ಕೊಟ್ಟೆ. ಅಲ್ಲಿ ನುಡಿಸುವ ಹುಡುಗ ಇದ್ದ. ಈಗ ಖರ್ಚು ಅಂದರೆ ತಾರೀಖು ಬರೆದಿಡುವ 40 ರೂಪಾಯಿಯ ನೋಟ್‌ಬುಕ್ ಒಂದೇ.

119ನೇ ಕೀರ್ತನೆ ಲೆಕ್ಕದಲ್ಲಿ 29ಕ್ಕೆ ಬರುತ್ತದೆ. ಅದರಲ್ಲಿ 176 ವಚನ. ಕೆಲಸದ ದಿನ ಊಟದ ಮೇಲೆ ಅಷ್ಟು ಓದಲು ಆಗುವುದಿಲ್ಲ. ಅದನ್ನು 31ಕ್ಕೆ ಎತ್ತಿಟ್ಟಿದ್ದೇನೆ. ಎಂಟೆಂಟು ವಚನದ 22 ಭಾಗ ಇವೆಯಲ್ವಾ, ಮೂವರೂ ಸರದಿಯಲ್ಲಿ ಓದುತ್ತೇವೆ. ಅವತ್ತು ಅಂಗಡಿ ಅರ್ಧ ಗಂಟೆ ಮುಂಚೆ ಮುಚ್ಚುತ್ತೇನೆ. ಮುಂದಿನ 31ಕ್ಕೆ ಹಿರಿಯರೂ ಬರುತ್ತೇನೆ ಅಂದಿದ್ದಾರೆ.