ವಾಯರ್ ಕೀಳಬ್ಯಾಡ

ವಿಜಯಪುರದಲ್ಲಿ ಎಂಜಿನಿಯರಿಂಗ್ ಓದುವಾಗ ವಾರಕ್ಕೊಂದು ದಿನ, ಮಧ್ಯಾಹ್ನ ಎರಡರಿಂದ ಐದರವರೆಗೆ, ನಮಗೆ ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬ್. ಊಟ ಮಾಡಿದ ಹೊತ್ತು, ಮೇಲೆ ನಮ್ಮೂರ ಬಿಸಿಲು. ನಾನು ಇಂಡಿ ಕಡೆಯ ಹಳ್ಳಿಯವನು, ಹತ್ತನೇ ತನಕ ಕನ್ನಡ ಮೀಡಿಯಂ. ರೆಸಿಸ್ಟರ್ ಬಣ್ಣದ ಪಟ್ಟಿ ಬಾಯಿಪಾಠ ಇತ್ತು. ರೆಸಿಸ್ಟರ್ ಕೈಯಲ್ಲಿ ಹಿಡಿದದ್ದು ಅಲ್ಲೇ ಮೊದಲು.

ಸರ್ಕ್ಯೂಟ್ ನಡೆಯದಿದ್ದರೆ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ. ಎಲ್ಲ ವಾಯರ್ ಕಿತ್ತು ಮತ್ತೆ ಮೊದಲಿಂದ ಕಟ್ಟೋದು. ಆಗಲೂ ನಡೆಯಲಿಲ್ಲ ಅಂದ್ರೆ ಸೀನಿಯರ್ ಒಬ್ಬರ ರೆಕಾರ್ಡ್ (ಲ್ಯಾಬ್ ನೋಟ್‌ಬುಕ್) ನೋಡಿ ರೀಡಿಂಗ್ ಬರೆಯೋದು. ನಮ್ಮ ಲ್ಯಾಬ್ ಸರ್ ಎರಡಕ್ಕೂ ಬಿಡುತ್ತಿರಲಿಲ್ಲ. ಕೈ ಬೋರ್ಡಿನ ಕಡೆ ಹೋದರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು: "ವಾಯರ್ ಕೀಳಬ್ಯಾಡ. ಮೊದ್ಲ ಅಳತಿ ಮಾಡು."

ನನ್ನ ಮೊದಲ ಸರ್ಕ್ಯೂಟ್ 741 ಅನ್ನೋ ಐಸಿಯ (ಪುಟ್ಟ ಚಿಪ್) ಇನ್ವರ್ಟಿಂಗ್ ಆಂಪ್ಲಿಫಯರ್, ಅಂದರೆ ಸಿಗ್ನಲ್ ದೊಡ್ಡದು ಮಾಡಿ ತಲೆಕೆಳಗು ಮಾಡೋದು. ಅಲೆ ತೋರಿಸುವ ಯಂತ್ರ ಸಿಆರ್‌ಓ. ಅದರ ಪರದೆ ಮೇಲೆ ಸೈನ್ ವೇವ್ ಬದಲು ಮೇಲೊಂದು ನೆಟ್ಟಗಿನ ಗೆರೆ. "ಐಸಿ ಹೋಗೇತ್ರಿ ಸರ್" ಅಂದೆ. ಲ್ಯಾಬಿನಲ್ಲಿ ಎಲ್ಲರೂ ಮೊದಲು ಅನ್ನೋದು ಅದೇ ಅಲ್ವಾ? ಸರ್ ಮಲ್ಟಿಮೀಟರ್ ಕೈಗಿಟ್ಟರು. ಪವರ್ ಸಪ್ಲೈ ಎರಡೂ ಕಡೆ 12 ವೋಲ್ಟ್ ತೋರಿಸುತ್ತಿತ್ತು. "ಸಪ್ಲೈ ನೋಡಬ್ಯಾಡ, ಐಸಿ ಕಾಲಿಗೇ ಹಚ್ಚಿ ನೋಡು" ಅಂದರು. 7ನೇ ಪಿನ್‌ನಲ್ಲಿ +12 ಇತ್ತು. 4ನೇ ಪಿನ್‌ನಲ್ಲಿ −12 ಇರಲೇ ಇಲ್ಲ. ವಾಯರ್ ಹಾಕಿದ್ದೆ, ಆದರೂ ಇಲ್ಲ. ವಾಯರ್ ಚುಚ್ಚಿ ಸರ್ಕ್ಯೂಟ್ ಕಟ್ಟುವ ಆ ಬ್ರೆಡ್‌ಬೋರ್ಡಿನ ಅಂಚಿನ ಸಾಲು ನಟ್ಟನಡುವೆ ತುಂಡಾಗಿರುತ್ತದೆ ಅಂತ ಆವತ್ತೇ ಗೊತ್ತಾಗಿದ್ದು. ಎಡಗಡೆ ಕೊಟ್ಟ ಕರೆಂಟು ಬಲಗಡೆಗೆ ದಾಟಿರಲಿಲ್ಲ. ಬೆರಳುದ್ದದ ಒಂದು ವಾಯರ್ ಹಾಕಿ ಎರಡೂ ಕಡೆ ಕೂಡಿಸಿದೆ. ಅಲೆ ಬಂತು. ಕಿತ್ತು ಮತ್ತೆ ಕಟ್ಟಿದ್ದರೆ ಅದೇ ಸಾಲಿನಲ್ಲೇ ಕಟ್ಟುತ್ತಿದ್ದೆ, ಸಂಜೆ ಐದೂ ಆಗುತ್ತಿತ್ತು.

ನಿಜವಾಗಿ ಕಲಿತದ್ದು ಮಾತ್ರ ಆರ್‌ಸಿ ಫೇಸ್ ಶಿಫ್ಟ್ ಆಸಿಲೇಟರ್ ದಿನ. ಇದಕ್ಕೆ ಹೊರಗಿನಿಂದ ಸಿಗ್ನಲ್ ಕೊಡೋದಿಲ್ಲ, ತನ್ನಷ್ಟಕ್ಕೆ ತಾನೇ ಅಲೆ ಹುಟ್ಟಿಸಬೇಕು. ಸರ್ ಬೋರ್ಡ್ ಮೇಲೆ ಏನೂ ಬರೆಯದೆ ಕೇಳಿದರು: "ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಎಷ್ಟು ಸಲ ಕೇಳಸ್ತದ?"

"ಏಳು ಸಲ ರೀ."

"ಆಮ್ಯಾಲ?"

"ಸಣ್ಣಾಗಿ ನಿಂತು ಹೋಗ್ತದ ರೀ."

"ನಿಲ್ಲದಂಗ ಮಾಡೋದು ಹ್ಯಾಂಗ?"

ಕಡಿಮೆಯಾದಷ್ಟು ದನಿ ಪ್ರತಿ ಸಲ ತುಂಬಿ ಕೊಡಬೇಕು. ಅಷ್ಟೇ. ಮೂರು ಕೆಪಾಸಿಟರ್, ಮೂರು ರೆಸಿಸ್ಟರ್ ದಾಟಿ ಬರುವಷ್ಟರಲ್ಲಿ ಸಿಗ್ನಲ್ 29ರಲ್ಲಿ ಒಂದು ಪಾಲಾಗಿ ತಲೆಕೆಳಗಾಗುತ್ತದೆ. 741 ಅದನ್ನು 29 ಪಟ್ಟು ಮಾಡಿ ಮತ್ತೆ ತಿರುಗಿಸಿ ಹಾಕಬೇಕು. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ಒಂದು ಕೂಗಿನಲ್ಲಿ ಮುಗಿಯಿತು.

ನಮ್ಮ ರೆಸಿಸ್ಟರ್ 3.3 ಕಿಲೋ ಓಮ್. 741 ಸಿಗ್ನಲ್ಲನ್ನು 29 ಪಟ್ಟು ಮಾಡಬೇಕಾದರೆ ಇನ್ನೊಂದು ರೆಸಿಸ್ಟರ್ ಇದರ 29 ಪಟ್ಟು ಇರಬೇಕು, ಅಂದರೆ 95.7. ಅಂಥ ರೆಸಿಸ್ಟರ್ ಯಾವ ಅಂಗಡಿಯಲ್ಲಿ ಸಿಗುತ್ತೆ? 82 ಕಿಲೋ ಓಮ್ ಹಾಕಿ ಅದರ ಜೊತೆ 22ರ ಪಾಟ್, ಅಂದರೆ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್, ಇಟ್ಟೆವು. ಕೆಪಾಸಿಟರ್ 0.01 ಮೈಕ್ರೋಫ್ಯಾರಡ್. ಲೆಕ್ಕದ ಪ್ರಕಾರ 1970 ಹರ್ಟ್ಸ್ ಹತ್ತಿರ ಬರಬೇಕು. ಪಾಟ್ ಆ ತುದಿಯಿಂದ ಈ ತುದಿಗೆ ತಿರುಗಿಸಿದ್ದೇ ಬಂತು. ಪರದೆ ಮೇಲೆ ಗೆರೆ ಅಲ್ಲಾಡಲಿಲ್ಲ.

ಈ ಸಲ ಕೀಳಲಿಲ್ಲ. ಪಿನ್‌ಗಳ ವೋಲ್ಟೇಜ್ ನೋಡಿದೆ, ಸರಿ ಇತ್ತು. ಸರ್ ಬಂದು, ಸಿಗ್ನಲ್ ಹೊರಬರುವ 6ನೇ ಪಿನ್‌ನಿಂದ ವಾಪಸ್ ಹೋಗುವ ಒಂದೇ ಒಂದು ವಾಯರ್ ಬಿಡಿಸಲು ಹೇಳಿದರು. ಅದು ಹೋಗುತ್ತಿದ್ದ ಜಾಗಕ್ಕೆ, ಅಲೆ ಹುಟ್ಟಿಸಿ ಕೊಡುವ ಫಂಕ್ಷನ್ ಜನರೇಟರ್‌ನಿಂದ 1970 ಹರ್ಟ್ಸ್ ಕೊಟ್ಟು, ಕೊಟ್ಟದ್ದನ್ನೂ ಹೊರಗೆ ಬಂದದ್ದನ್ನೂ ಸಿಆರ್‌ಓದ ಎರಡು ಚಾನಲ್‌ನಲ್ಲಿ ಇಟ್ಟೆವು. ಬಂದ ಅಲೆ ಕೊಟ್ಟದ್ದಕ್ಕಿಂತ ಜಾಸ್ತಿನೇ ದೊಡ್ಡದಿತ್ತು! ಆದರೆ ಎರಡರ ತಲೆ ಒಂದರ ಮೇಲೊಂದು ಕೂಡುತ್ತಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. "ದನಿ ಜೋರ ಅದ, ಹೊತ್ತಿಗೆ ಬರವಲ್ದು" ಅಂತ ಹೇಳಿ ಸರ್ ಮುಂದಿನ ಟೇಬಲ್‌ಗೆ ನಡೆದರು. ಅವರ ಕಾಟ ಅದೇ. ಅರ್ಧಕ್ಕೆ ಬಿಟ್ಟು ಹೋಗೋರು.

ಪ್ರೋಬ್ ಹಿಡಿದು ಒಂದೊಂದೇ ಕೆಪಾಸಿಟರ್‌ನ ಆಚೆ ಈಚೆ ನೋಡುತ್ತ ಹೋದೆ. ಮೊದಲನೆಯದನ್ನು ದಾಟಿದಾಗ ಅಲೆ ಚೆನ್ನಾಗಿ ಇಳಿಯಿತು. ನಡುವಿನದನ್ನು ದಾಟಿದರೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಅಲ್ಲಿ ಇಳಿಯಬೇಕಾದದ್ದು ಇಳಿದಿರಲಿಲ್ಲ. ಬಗ್ಗಿ ನೋಡಿದೆ. ಕಂದು ಬಣ್ಣದ ಆ ಪುಟ್ಟ ಬಿಲ್ಲೆಯ ಮೇಲೆ 103 ಇರಬೇಕಿತ್ತು, 104 ಇತ್ತು. ಅಂದರೆ 0.1 ಮೈಕ್ರೋಫ್ಯಾರಡ್, ಹತ್ತು ಪಟ್ಟು. ಹಿಂದಿನ ಬ್ಯಾಚಿನವರು ಡಬ್ಬಿ ಬದಲಿಸಿ ಇಟ್ಟಿದ್ದರೋ, ನಾನೇ ನೋಡದೆ ಎತ್ತಿಕೊಂಡೆನೋ. ಎರಡನೆಯದೇ ಇರಬೇಕು. ರಾತ್ರಿ ರೂಮಿನಲ್ಲಿ ಕೂತು ಲೆಕ್ಕ ಹಾಕಿದರೆ, ಆ ಒಂದು ಕೆಪಾಸಿಟರ್‌ನಿಂದ, 741 ದೊಡ್ಡದು ಮಾಡಬೇಕಾದ ಪಟ್ಟು 29 ಇದ್ದದ್ದು 96ರ ಹತ್ತಿರ ಹೋಗಿತ್ತು. ಪಾಟ್ ತಿರುಗಿಸಿ ಬೆರಳು ಸವೆದರೂ ಬರುತ್ತಿರಲಿಲ್ಲ.

103 ಹಾಕಿ, ವಾಯರ್ ಜೋಡಿಸಿ, ಪಾಟ್ ಮೆಲ್ಲಗೆ ತಿರುಗಿಸಿದೆ. ಗೆರೆ ಒಮ್ಮೆ ನಡುಗಿ ಉಬ್ಬುತ್ತ ಬಂತು. ಇನ್ನೂ ತಿರುಗಿಸಿದರೆ ಅಲೆಯ ನೆತ್ತಿ ಚಪ್ಪಟೆ. ಸ್ವಲ್ಪ ಹಿಂದಕ್ಕೆ ತಂದಾಗ ಚೆಂದದ ಸೈನ್ ವೇವ್. ಒಂದು ಅಲೆಗೆ ಪರದೆ ಮೇಲಿನ 5.3 ಮನೆ, ಮನೆಗೆ 0.1 ಮಿಲಿಸೆಕೆಂಡ್. 1887 ಹರ್ಟ್ಸ್. ಪಕ್ಕದ ಟೇಬಲ್‌ನವರ ರೀಡಿಂಗ್ ಸರಿಯಾಗಿ 1970 ಇತ್ತು. ಸರ್ ಅದನ್ನು ನೋಡಿ ನಕ್ಕು, ನನ್ನದಕ್ಕೆ ಸಹಿ ಹಾಕಿದರು.

ರೆಕಾರ್ಡ್ ವಿಷಯದಲ್ಲಿ ಮಾತ್ರ ಅವರ ಮೇಲೆ ಈಗಲೂ ಸಿಟ್ಟಿದೆ. ಮಾರ್ಜಿನ್ ಸೊಟ್ಟ ಆಯ್ತು ಅಂತ ಇಡೀ ಪುಟಕ್ಕೆ ಕೆಂಪು ಗೀಟು ಎಳೆಯೋದು ಯಾವ ನ್ಯಾಯ? ಅದರಿಂದ ಯಾರಿಗೂ ಏನೂ ಬಂದಿಲ್ಲ.

ಪರೀಕ್ಷೆಯಲ್ಲಿ ಚೀಟಿ ಎತ್ತಿದರೆ ಅದೇ ಆಸಿಲೇಟರ್. ನಮ್ಮ ಯೂನಿವರ್ಸಿಟಿ ವಿಟಿಯು ನಿಯಮದಲ್ಲಿ ಒಂದು ಸಲ ಪ್ರಯೋಗ ಬದಲಿಸಬಹುದು, ಆದರೆ ಪ್ರೊಸೀಜರ್ ಅಂಕ ಸೊನ್ನೆ. ನನಗೆ ಅದರ ಗೊಡವೆ ಬರಲಿಲ್ಲ. ಅಲೆ ಬಂದ ಮೇಲೆ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಕೇಳಿದರು, "29 ಯಾಕೆ?" ಸುಮ್ನೆ ಸೂತ್ರ ಹೇಳಬಹುದಿತ್ತು. ಗುಮ್ಮಟದ ಕೂಗಿನಿಂದ ಶುರು ಮಾಡಿದೆ. ಅವರು ದಕ್ಷಿಣದ ಕಡೆಯವರು, ಪೂರ್ತಿ ಕೇಳಿದರು.

"ನಿಜವಾಗ್ಲೂ ಏಳು ಸಲ ಕೇಳ್ಸುತ್ತಾ? ನಾನು ನೋಡೇ ಇಲ್ಲ."

"ಮುಂಜಾನೆ ಲಗೂನ ಹೋಗ್ರಿ ಸರ್. ಆಮ್ಯಾಲ ಸಾಲಿ ಹುಡುಗ್ರು ಬಂದು ಒದರ್ತಾರ, ಏನೂ ಕೇಳ್ಸೂದಿಲ್ಲ."