ಸಂಜೆ ಏಳರ ಪಿಗ್ಮಿ ಕಲಿಸಿದ್ದು

ಸಾಗರದಲ್ಲಿ ಕಾಲೇಜೊಂದರ ಹತ್ತಿರ ನನ್ನದು ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ತಿಂಗಳ ಆದಾಯದಲ್ಲಿ ಶೇ 20 ಉಳಿಸಿ ಎನ್ನುವ ಬುದ್ಧಿಮಾತು ಸಂಬಳದವರಿಗೆ ಸರಿ. ಅಡ್ಮಿಷನ್ ಸಮಯದಲ್ಲಿ ನನಗೆ ದಿನಕ್ಕೆ ಎರಡು ಸಾವಿರ ಉಳಿದದ್ದುಂಟು. ರಜೆ ಬಂತೆಂದರೆ ಕರೆಂಟ್ ಬಿಲ್ಲಿಗೂ ಕಷ್ಟ. ಯಾವ ತಿಂಗಳನ್ನು ಹಿಡಿದು ಲೆಕ್ಕ ಹಾಕಲಿ?

ನನಗೆ ಉಳಿತಾಯ ಕಲಿಸಿದ್ದು ಪಿಗ್ಮಿ, ದಿನದಿನವೂ ಸ್ವಲ್ಪಸ್ವಲ್ಪ ಕಟ್ಟುವ ಠೇವಣಿ. 2009ರಲ್ಲಿ ಅಂಗಡಿ ತೆರೆದ ವಾರವೇ ಸೊಸೈಟಿಯ ಕಲೆಕ್ಟರ್ ಬಂದು ನಿಂತರು. ದಿನಕ್ಕೆ 50 ರೂಪಾಯಿಯಿಂದ ಶುರುಮಾಡಿದೆ, ಮೂರು ವರ್ಷದಲ್ಲಿ 200ಕ್ಕೆ ಏರಿಸಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಕಟ್ಟಿಸಿಕೊಳ್ಳಲು ಶುರುಮಾಡಿದ ಪದ್ಧತಿ ಇದು. ಎಂಥ ಜಾಣತನದ ಯೋಚನೆ ಅನ್ನಿಸುತ್ತದೆ ನನಗೆ. ಸಂಜೆ ಏಳಕ್ಕೆ ಮನುಷ್ಯ ಬಾಗಿಲಲ್ಲಿ ನಿಂತಿರುತ್ತಾನೆ, ಗಲ್ಲಾದಲ್ಲಿ ದುಡ್ಡಿರುತ್ತದೆ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಆದರೆ ನನ್ನ ಪಿಗ್ಮಿಗೆ ಸಿಗುತ್ತಿದ್ದ ಬಡ್ಡಿ ಶೇ 3.5. ಅದರ ಅರ್ಥ ಹೊಳೆದದ್ದು ಝೆರಾಕ್ಸ್ ದರ ಏರಿಸಿದಾಗ. ಪುಟಕ್ಕೆ ಒಂದು ರೂಪಾಯಿ ಇದ್ದದ್ದನ್ನು ಎರಡು ಮಾಡಲೇಬೇಕಾಯಿತು. ಕಾಗದ, ಟೋನರ್, ಬಾಡಿಗೆ ಎಲ್ಲವೂ ಏರಿತ್ತು. ಹಳೆಯ ಉಳಿತಾಯ ಮಾತ್ರ ಇದ್ದಲ್ಲೇ ತೆವಳುತ್ತಿತ್ತು.

ಅಷ್ಟರಲ್ಲಿ ಪರಿಚಯದವರೊಬ್ಬರು ಒಂದು ವಿಮಾ ಪಾಲಿಸಿ ಮಾಡಿಸಿದ್ದರು. ವರ್ಷಕ್ಕೆ 24,000, ಇಪ್ಪತ್ತು ವರ್ಷ ಕಟ್ಟಿದರೆ ಸುಮಾರು ಎಂಟೂವರೆ ಲಕ್ಷ. 4.80 ಲಕ್ಷ ಕಟ್ಟಿ ಅಷ್ಟು ಬರುತ್ತದೆಂದರೆ ದೊಡ್ಡದಾಗಿಯೇ ಕಂಡಿತ್ತು. ಒಂದು ದಿನ ಅಂಗಡಿಯ ಕಂಪ್ಯೂಟರಿನಲ್ಲಿ ವರ್ಷವರ್ಷದ ಲೆಕ್ಕ ಹಾಕಿದೆ: ಸಿಗುವುದು ಶೇ 5ರ ಆಸುಪಾಸು. ನಾನು ಸತ್ತರೆ ಮನೆಗೆ ಬರುವ ಮೊತ್ತ ಎರಡು ವರ್ಷಕ್ಕೂ ಸಾಲದು. ನಷ್ಟ ಸಹಿಸಿ ಪಾಲಿಸಿಯನ್ನು ಅವಧಿಗೆ ಮೊದಲೇ ಮುರಿಸಿ ಸರೆಂಡರ್ ಮಾಡಿದೆ. ಅದರ ಮೂರನೇ ಒಂದು ಭಾಗದ ಕಂತಿಗೆ 50 ಲಕ್ಷದ ಟರ್ಮ್ ವಿಮೆ, ಸತ್ತರೆ ಮಾತ್ರ ದುಡ್ಡು ಬರುವಂಥದ್ದು, ಸಿಕ್ಕಿತು. ವಿಮೆಗೂ ಹೂಡಿಕೆಗೂ ಗಂಟು ಹಾಕುವುದನ್ನು ಅಂದಿಗೆ ಬಿಟ್ಟೆ.

2016ರ ಜನವರಿಯಲ್ಲಿ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ, ಅಂದರೆ ಷೇರುಪೇಟೆಯ ನಿಫ್ಟಿ ಸೂಚ್ಯಂಕದ ಐವತ್ತು ಕಂಪನಿಗಳಲ್ಲೇ ದುಡ್ಡು ಹಾಕುವ ಮ್ಯೂಚುವಲ್ ಫಂಡಿನಲ್ಲಿ, ತಿಂಗಳಿಗೆ 4,000ದ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಹಾಕಿದೆ, ಡೈರೆಕ್ಟ್ ಪ್ಲಾನ್‌ನಲ್ಲಿ. 2013ರಿಂದ ಎಲ್ಲ ಫಂಡುಗಳಲ್ಲೂ ಏಜೆಂಟರ ಕಮಿಷನ್ ಇಲ್ಲದ ಈ ದಾರಿ ಇದೆ. ಯಾವ ಷೇರು ಏರುತ್ತದೆಂದು ಹುಡುಕಿ ಕೂರುವಷ್ಟು ಹೊತ್ತು ನನಗಿಲ್ಲ. ದೇಶದ ದೊಡ್ಡ ಐವತ್ತು ಕಂಪನಿಗಳಲ್ಲಿ ಸ್ವಲ್ಪಸ್ವಲ್ಪ ಸಿಕ್ಕರೆ ಸಾಕು. ಐದನೇ ತಾರೀಕು ಬ್ಯಾಂಕಿನಿಂದ ತಾನೇ ಕಡಿತವಾಗುತ್ತದೆ. ಅದೂ ಒಬ್ಬ ಪಿಗ್ಮಿ ಕಲೆಕ್ಟರೇ, ಬಾಗಿಲಿಗೆ ಬರುವುದಿಲ್ಲ ಅಷ್ಟೆ.

ಪರೀಕ್ಷೆ ಬಂದದ್ದು 2020ರ ಮಾರ್ಚ್ 23ರಂದು. ನಿಫ್ಟಿ ಒಂದೇ ದಿನ ಶೇ 13ರಷ್ಟು ಬಿದ್ದು 7,610ಕ್ಕೆ ನಿಂತಿತು. ನಾನು ಕಟ್ಟಿದ್ದು 2,04,000. ಫೋನಿನಲ್ಲಿ ಕಂಡದ್ದು 1.64 ಲಕ್ಷ. ಎರಡು ದಿನ ಕಳೆದು ಲಾಕ್‌ಡೌನ್ ಶುರು. ಅಂಗಡಿಯ ಶಟರ್ ಎಳೆದು ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಇದ್ದಷ್ಟಾದರೂ ತೆಗೆದುಬಿಡೋಣ ಎಂದು ಹೆಂಡತಿಗೆ ಹೇಳಿದೆ. ಪಿಗ್ಮಿಯಲ್ಲಿ ಎಷ್ಟಿದೆ ನೋಡಿ ಎಂದಳು. 71,000 ಇತ್ತು. ಮನೆಖರ್ಚಿಗೆ ಐದು ತಿಂಗಳು ಎಳೆಯಬಹುದಿತ್ತು, ಎಳೆದೆವು. ಎಸ್‌ಐಪಿಯನ್ನು ಸೆಪ್ಟೆಂಬರ್‌ವರೆಗೆ ನಿಲ್ಲಿಸಿದೆ, ಆದರೆ ಒಂದು ಯೂನಿಟ್ಟನ್ನೂ (ಫಂಡಿನಲ್ಲಿ ನನ್ನ ಪಾಲು) ಮಾರಲಿಲ್ಲ. ನವೆಂಬರ್ ಕೊನೆಗೆ ಆ ಹಳೇ ಯೂನಿಟ್ಟುಗಳೇ ಎರಡೂ ಮುಕ್ಕಾಲು ಲಕ್ಷದ ಹತ್ತಿರ ಬಂದಿದ್ದವು. ನನ್ನನ್ನು ಕಾದದ್ದು ಧೈರ್ಯ ಎಂದು ಹೇಳಲಾರೆ. ಕಡಿಮೆ ಬಡ್ಡಿಯದೆಂದು ನಾನು ಬಿಡಬೇಕೆಂದಿದ್ದ ಆ ಪಿಗ್ಮಿ ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಮಾರಿರುತ್ತಿದ್ದೆ.

ಈಗ ಹೊಸ ತೊಂದರೆ ಫೋನ್ ಪಾವತಿಯದು. ದುಡ್ಡು ಕೈಗೆ ಬಾರದೆ ಖಾತೆಗೆ ಹೋಗುತ್ತದೆ, ಅಲ್ಲಿರುವುದೆಲ್ಲ ನನ್ನದೇ ಅನ್ನಿಸುತ್ತದೆ. ವ್ಯಾಪಾರಿಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ: ಮಾಲಿನ ದುಡ್ಡನ್ನು ಲಾಭವೆಂದು ಖರ್ಚು ಮಾಡುತ್ತೇವೆ. ಹಾಗಾಗಿ ಕ್ಯುಆರ್ ಕೋಡಿಗೆ ಬೇರೆಯೇ ಖಾತೆ ಇಟ್ಟಿದ್ದೇನೆ. ಭಾನುವಾರ ರಾತ್ರಿ ಅದನ್ನು ಬರಿದು ಮಾಡುತ್ತೇನೆ. ಮೊದಲು ಕಾಗದ, ಟೋನರ್, ಬಾಡಿಗೆಯ ಪಾಲು. ಉಳಿದದ್ದರಲ್ಲಿ ಐದನೇ ಒಂದು ಭಾಗ ಎಸ್‌ಐಪಿ ಹೋಗುವ ಖಾತೆಗೆ. ಆಮೇಲೆ ಮನೆಗೆ. ಕಡಿಮೆ ವ್ಯಾಪಾರದ ವಾರ ಆ ಭಾಗ 300 ರೂಪಾಯಿಯಾದರೂ ಸರಿ, ದಾಟಿಸದೆ ಮಲಗುವುದಿಲ್ಲ. ಅಡ್ಮಿಷನ್ ತಿಂಗಳಲ್ಲಿ ಹೆಚ್ಚಾಗಿ ಕೂಡಿದ್ದು ರಜೆಯ ತಿಂಗಳ ಕಂತನ್ನು ತುಂಬುತ್ತದೆ.

ಪಕ್ಕದ ಟೈಲರಿಂಗ್ ಅಂಗಡಿಯ ಹೆಣ್ಣುಮಗಳು ಮೊನ್ನೆ ಯಾವ ಫಂಡ್ ಹಾಕಲಿ ಅಣ್ಣಾ ಎಂದು ಕೇಳಿದಳು. ಮೊದಲು ಆರು ತಿಂಗಳು ದಿನಕ್ಕೆ ನೂರು ಪಿಗ್ಮಿ ಕಟ್ಟು, ಆಮೇಲೆ ಪಾನ್ ಕಾರ್ಡ್ ಹಿಡಿದು ಬಾ, ಕೂತು ಮಾಡೋಣ ಎಂದೆ. ಅವಳ ಆರು ತಿಂಗಳು ದೀಪಾವಳಿಗೆ ಮುಗಿಯುತ್ತದೆ.