ಮೊದಲ 60 ಅಡಿ: ಮ್ಯಾನುಯಲ್ ಕಾರಿನ ಲಾಂಚ್ ನಾನು ಸರಿ ಮಾಡಿಕೊಂಡದ್ದು ಹೀಗೆ

ಲಾಂಚ್ ಅಂದರೆ ಡ್ರ್ಯಾಗ್ ರೇಸಿನಲ್ಲಿ, ನೇರ ಕಾಲು ಮೈಲಿ ಓಟದಲ್ಲಿ, ನಿಂತ ಕಾರು ಗೆರೆಯಿಂದ ಹೊರಡುವುದು. ಟ್ರ್ಯಾಕ್‌ನಲ್ಲಿ ಮೊದಲ ರಾತ್ರಿ ಕೊಟ್ಟ ಟೈಮ್ ಸ್ಲಿಪ್, ಅಂದರೆ ಓಟದ ಸಮಯ ಬರೆದ ಚೀಟಿ, ಇನ್ನೂ ನನ್ನ ಹತ್ತಿರ ಇದೆ. 60 ಅಡಿ ದಾಟಲು 2.61 ಸೆಕೆಂಡ್. ಕಾಲು ಮೈಲಿ, ಅಂದರೆ 402 ಮೀಟರ್, ಮುಗಿಸಲು 15.82. ಗೆರೆ ದಾಟುವಾಗ ವೇಗ ಗಂಟೆಗೆ 92 ಮೈಲಿ. ಆ ಚೀಟಿ ಹಿಡಿದುಕೊಂಡು ನಾನು ಎಂಜಿನ್ ಬಗ್ಗೆ ಯೋಚನೆ ಮಾಡುತ್ತಾ ಮನೆಗೆ ಬಂದೆ. ಏರ್ ಫಿಲ್ಟರ್ ಬದಲಾಯಿಸಲಾ, ಎಕ್ಸಾಸ್ಟ್ ಹಾಕಿಸಲಾ ಅಂತ. ತಪ್ಪು ಎಂಜಿನ್‌ನಲ್ಲಿ ಇರಲೇ ಇಲ್ಲ. ನನ್ನ ಎಡಗಾಲಿನಲ್ಲಿತ್ತು.

ಕಾರು 2012ರ ಹೋಂಡಾ ಸಿವಿಕ್ ಎಸ್‌ಐ. 2.4 ಲೀಟರ್ ಪೆಟ್ರೋಲ್, 201 ಹಾರ್ಸ್‌ಪವರ್, ಆರು ಗೇರ್, ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಆಫೀಸಿಗೂ ಇದೇ ಕಾರು, ತರಕಾರಿ ತರಲೂ ಇದೇ. ಟೈರ್ ಮಾಮೂಲಿ ರಸ್ತೆ ಟೈರ್. ಓಡಿಸುವ ಜಾಗ ಸ್ಯಾನ್ ಫ್ರಾನ್ಸಿಸ್ಕೋ ಉತ್ತರಕ್ಕಿರುವ ಸೊನೋಮಾ ರೇಸ್‌ವೇ. ಅಲ್ಲಿ ಬುಧವಾರ ಸಂಜೆ ದುಡ್ಡು ಕಟ್ಟಿ, ಕಾರು ತಪಾಸಣೆ ಮಾಡಿಸಿಕೊಂಡರೆ ನಮ್ಮಂಥವರೂ ಓಡಿಸಬಹುದು. ರಸ್ತೆಯಲ್ಲಿ ನಾನು ಇದನ್ನು ಒಂದು ಸಲವೂ ಪ್ರಯತ್ನಿಸಿಲ್ಲ. ದಯವಿಟ್ಟು ನೀವೂ ಬೇಡ. ಮುಂದಿನ ಚಕ್ರ ಜಾರಿದಾಗ ಸ್ಟೇರಿಂಗ್ ಯಾವ ಕಡೆ ಎಳೆಯುತ್ತದೆ ಅಂತ ಹೇಳೋಕಾಗಲ್ಲ.

ಎರಡನೇ ಬುಧವಾರ ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಹಿರಿಯರೊಬ್ಬರು ನನ್ನ ಸ್ಲಿಪ್ ಇಸಿದುಕೊಂಡು ನೋಡಿದರು. ಕೊನೆಯ ವೇಗದ ಮೇಲೆ ಬೆರಳಿಟ್ಟು, ಇದು ನಿನ್ನ ಎಂಜಿನ್ ಅಂದರು. ಆಮೇಲೆ 60 ಅಡಿಯ ಸಾಲಿನ ಮೇಲೆ ಬೆರಳಿಟ್ಟು, ಇದು ನೀನು ಅಂದರು. ಅಷ್ಟೇ ಮಾತು. ಅವತ್ತಿನಿಂದ ನಾನು ಮೊದಲು ನೋಡುವುದು ಆ ಸಾಲನ್ನೇ. ಶುರುವಿನಲ್ಲಿ ಕಳೆದುಕೊಂಡದ್ದು ಕೊನೆಗೆ ಬರುವಷ್ಟರಲ್ಲಿ ಇನ್ನೂ ದೊಡ್ಡದಾಗುತ್ತದೆ. ನನ್ನ ಕಾರಿನಲ್ಲಿ ಅಲ್ಲಿ ಉಳಿಸಿದ ಸೆಕೆಂಡಿನ ಹತ್ತನೇ ಒಂದು ಭಾಗ ಕೊನೆಯಲ್ಲಿ ಸುಮಾರು ಒಂದೂವರೆ ಪಟ್ಟು ಆಗಿ ಸಿಗುತ್ತಿತ್ತು.

ನಾನು ಮಾಡುತ್ತಿದ್ದ ತಪ್ಪು ಎರಡು ಥರ. 2,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) ಕ್ಲಚ್ ಬಿಟ್ಟರೆ ಎಂಜಿನ್ ಉಸಿರು ಕಟ್ಟಿದ ಹಾಗೆ ಕುಸಿಯುತ್ತಿತ್ತು. ಈ ಎಂಜಿನ್ ಎಳೆತದ ಪೂರ್ತಿ ಜೋರು, ಅಂದರೆ ಟಾರ್ಕ್, ತೋರಿಸುವುದು 4,400ರ ಹತ್ತಿರ, ಕೆಳಗೆ ಬಿದ್ದರೆ ಮತ್ತೆ ಏಳಲು ಹೊತ್ತು ಬೇಕು. ಸರಿ, ಅಂತ 4,500ಕ್ಕೆ ಏರಿಸಿ ಕ್ಲಚ್‌ನಿಂದ ಕಾಲು ತಟ್ಟನೆ ತೆಗೆದೆ. ಟೈರ್ ಕಿರುಚಿತು, ಬಾನೆಟ್ ಕೆಳಗಿಂದ ಟಪ ಟಪ ಟಪ ಅಂತ ಹೊಡೆತ, ಇಡೀ ಡ್ಯಾಶ್‌ಬೋರ್ಡ್ ಅದುರಿತು. ಇದು ವೀಲ್ ಹಾಪ್. ಚಕ್ರ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ, ಅದೂ ಸೆಕೆಂಡಿಗೆ ಎಷ್ಟೋ ಸಲ. ಎಂಜಿನ್ ಮೌಂಟ್‌ಗೂ ಡ್ರೈವ್ ಶಾಫ್ಟ್‌ಗೂ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಈಗ ಆ ಸದ್ದು ಕೇಳಿದ ಕೂಡಲೇ ಆಕ್ಸಿಲರೇಟರ್ ಬಿಡುತ್ತೇನೆ. ಆ ರನ್ ಹೋದರೆ ಹೋಗಲಿ.

ಮುಂದಿನ ಚಕ್ರ ಎಳೆಯುವ ಕಾರಿಗೆ ಹುಟ್ಟಿನಿಂದಲೇ ಒಂದು ಕಷ್ಟ ಇದೆ. ಕಾರು ಮುಂದಕ್ಕೆ ನೆಗೆದ ಕ್ಷಣ ಭಾರ ಹಿಂದಕ್ಕೆ ವಾಲುತ್ತದೆ. ಎಳೆಯಬೇಕಾದ ಚಕ್ರದ ಮೇಲೇ ಭಾರ ಕಮ್ಮಿ ಆಗುತ್ತದೆ. ಹಾಗಾಗಿ ಜೋರನ್ನು ಒಂದೇ ಏಟಿಗೆ ಕೊಡುವ ಹಾಗಿಲ್ಲ, ಅಳೆದು ಕೊಡಬೇಕು. ಅಳೆಯುವ ಕೈ ಅಂದರೆ ಕ್ಲಚ್.

ಇಲ್ಲಿ ನನಗೆ ಊರು ನೆನಪಾಯಿತು. ನಾನು ಗಾಡಿ ಕಲಿತದ್ದು ಅಪ್ಪನ ಮಾರುತಿ 800ರಲ್ಲಿ, ಶಿರಾಡಿ ಘಾಟಿಯಲ್ಲಿ. ಮುಂದೆ ಲಾರಿ ಸಾಲು, ಹಿಂದೆ ಬಸ್ಸು, ನಾವು ಏರಿನಲ್ಲಿ. ಅಪ್ಪ ಹೇಳಿಕೊಟ್ಟದ್ದು ಒಂದೇ: ಹ್ಯಾಂಡ್‌ಬ್ರೇಕ್ ಎಳೆದಿರು, ಹಾಫ್ ಕ್ಲಚ್‌ಗೆ ಬಾ, ಗಾಡಿಯ ಮೂತಿ ಸ್ವಲ್ಪ ಅಲುಗಿತಾ, ಆವಾಗ ಬ್ರೇಕ್ ಬಿಡು. ಸಿವಿಕ್‌ಗೂ ಅದನ್ನೇ ಮಾಡಿದೆ. ಇದರಲ್ಲೂ ಕೈಯಿಂದ ಎಳೆಯುವ ಲಿವರ್ ಇದೆ, ಅದು ಹಿಡಿಯುವುದು ಹಿಂದಿನ ಚಕ್ರವನ್ನು. ಮುಂದಿನದು ಹಾಫ್ ಕ್ಲಚ್‌ನಲ್ಲಿ ಮೆಲ್ಲಗೆ ಎಳೆಯುತ್ತಿರುವಾಗ ಗೇರ್‌ಬಾಕ್ಸ್, ಶಾಫ್ಟ್, ಮೌಂಟ್ ಎಲ್ಲದರ ಸಡಿಲ ಮೊದಲೇ ಬಿಗಿಯಾಗುತ್ತದೆ. ಆಮೇಲೆ ಬಿಟ್ಟರೆ ಧಡ್ ಅನ್ನುವ ಏಟಿಲ್ಲ. ವೀಲ್ ಹಾಪ್ ಅರ್ಧಕ್ಕರ್ಧ ಅಲ್ಲೇ ಹೋಯಿತು. ಆದರೆ ಹಾಗೆ ಹಿಡಿದಿರುವುದು ಒಂದೆರಡು ಸೆಕೆಂಡ್ ಮಾತ್ರ. ಜಾಸ್ತಿ ಹಿಡಿದರೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ನನಗೆ ಒಮ್ಮೆ ಬಂತು, ಅವತ್ತು ಕಾರು ನಿಲ್ಲಿಸಿ ಒಂದು ಗಂಟೆ ಆರಲು ಬಿಟ್ಟೆ.

ಕಾಲಿನ ಅಭ್ಯಾಸ ಮನೆ ಮುಂದೆಯೇ ಆಯಿತು. ಆಕ್ಸಿಲರೇಟರ್ ಮುಟ್ಟದೆ, ಒಂದನೇ ಗೇರ್‌ನಲ್ಲಿ, ಬರೀ ಕ್ಲಚ್ ಮೇಲೆ ಕಾರನ್ನು ಒಂದು ಗೇಣು ಮುಂದೆ ತರುವುದು, ನಿಲ್ಲಿಸುವುದು. ಆಗ ಗೊತ್ತಾಯಿತು, ನಾನು ತೊಡೆಯಿಂದ ಇಡೀ ಕಾಲನ್ನೇ ಎತ್ತುತ್ತಿದ್ದೆ. ತೊಡೆಗೆ ನಾಜೂಕು ಗೊತ್ತಿಲ್ಲ. ಸೀಟನ್ನು ಒಂದು ಹಲ್ಲು ಮುಂದೆ ತಂದು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದವನ್ನು ಮಾತ್ರ ಹಿಂದಕ್ಕೆ ಬಾಗಿಸುವುದು ಕಲಿತೆ. ದಪ್ಪ ಅಟ್ಟೆಯ ಶೂ ಬಿಟ್ಟು ತೆಳು ಅಟ್ಟೆಯದ್ದು ಹಾಕಿಕೊಂಡೆ. ಪೆಡಲ್ ಎಲ್ಲಿ ಕಚ್ಚುತ್ತದೆ ಅನ್ನುವುದು ಪಾದಕ್ಕೆ ಸ್ಪಷ್ಟವಾಗಿ ತಿಳಿಯತೊಡಗಿತು. ಕಚ್ಚುವ ಜಾಗದವರೆಗೆ ಬೇಗ ಬರಬೇಕು. ಅಲ್ಲಿಂದ ಮುಂದೆ ಹೆಬ್ಬೆರಳಷ್ಟು ದೂರವನ್ನು ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ತೆಗೆದುಕೊಂಡು ದಾಟಬೇಕು. ಕಾರಿನ ವೇಗ ಎಂಜಿನ್ ವೇಗಕ್ಕೆ ಸಮ ಬಂದ ಮೇಲೆ ಪೂರ್ತಿ ಬಿಡಬೇಕು.

ಟ್ರ್ಯಾಕ್‌ನಲ್ಲಿ ಇನ್ನೊಂದು ವಿಷಯ ನನ್ನ ಎದೆಬಡಿತ ಇಳಿಸಿತು. ಹಸಿರು ದೀಪ ಬಂದ ಕೂಡಲೇ ಗಡಿಯಾರ ಶುರುವಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಮುಂದಿನ ಚಕ್ರ ಸ್ಟಾರ್ಟ್ ಗೆರೆಗೆ ಅಡ್ಡ ಹಾಯುವ ಬೆಳಕಿನ ಕಿರಣ ಬಿಟ್ಟು ಹೊರಟಾಗಲೇ ನಿಮ್ಮ ಓಟದ ಸಮಯ ಎಣಿಸುವುದು. ಹಸಿರು ಬಂದ ಮೇಲೆ ಎಷ್ಟು ತಡ ಮಾಡಿದಿರಿ ಅನ್ನುವುದು ಸ್ಲಿಪ್‌ನಲ್ಲಿ ಬೇರೆ ಸಾಲು. ಪಕ್ಕದ ಲೇನಿನವರನ್ನು ಸೋಲಿಸಬೇಕಿದ್ದರೆ ಅದು ಮುಖ್ಯ. ಕಲಿಯುವ ರಾತ್ರಿ ಅಲ್ಲ. ನಾನು ಹಸಿರು ನೋಡಿ, ಒಂದು ಉಸಿರು ಬಿಟ್ಟು ಹೊರಡುತ್ತಿದ್ದೆ. ಕಾರು ಗೆರೆಗೆ ಬಂತು ಅಂತ ತೋರಿಸುವ ಸ್ಟೇಜಿಂಗ್ ದೀಪಗಳಲ್ಲಿ ಎರಡನೆಯದು ಹೊತ್ತಿದ ತಕ್ಷಣ ನಿಲ್ಲಿಸುವುದನ್ನೂ ರೂಢಿ ಮಾಡಿಕೊಂಡೆ. ಹಾಗೆ ನಿಂತರೆ ಗಡಿಯಾರ ಶುರುವಾಗುವ ಮುಂಚೆ ಕಾರಿಗೆ ಒಂದಿಷ್ಟು ಇಂಚು ಓಟ ಸಿಗುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. ಬರ್ನ್‌ಔಟ್‌ಗೆ, ಅಂದರೆ ನಿಂತಲ್ಲೇ ಚಕ್ರ ತಿರುಗಿಸಿ ಟೈರ್ ಬಿಸಿ ಮಾಡಲು, ನೀರು ಹಾಕಿರುವ ಜಾಗವನ್ನು ಸುತ್ತಿಕೊಂಡು ಹೋಗುತ್ತೇನೆ. ರಸ್ತೆ ಟೈರಿನ ಗೀರುಗಳಲ್ಲಿ ನೀರು ಉಳಿದು ಸ್ಟಾರ್ಟ್ ಗೆರೆಯಲ್ಲಿ ತೊಟ್ಟಿಕ್ಕುತ್ತದೆ, ಹಿಂದೆ ಬರುವವರಿಗೂ ತೊಂದರೆ. ಒಣ ಜಾಗದಲ್ಲಿ ಒಂದು ಕ್ಷಣ ಚಕ್ರ ತಿರುಗಿಸಿ ಕಲ್ಲು ಮಣ್ಣು ಉದುರಿಸಿದರೆ ಸಾಕು. ಮುಂದಿನ ಟೈರಿನ ಗಾಳಿ 33ರಿಂದ 28 ಪಿಎಸ್‌ಐಗೆ ಇಳಿಸಿದೆ, ಮನೆಗೆ ಹೊರಡುವ ಮುಂಚೆ ಮರೆಯದೆ ತುಂಬುತ್ತೇನೆ. ಚಕ್ರ ಜಾರಿದರೆ ತಾನೇ ತಡೆಯುವ ವ್ಯವಸ್ಥೆಯ (ವಿಎಸ್‌ಎ) ಬಟನ್ ಆಫ್.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಟ್‌ಬುಕ್‌ನಲ್ಲಿ ಬರೆದೆ. ಹೊರಡುವ ಆರ್‌ಪಿಎಂ 2,800, 3,000, 3,200, 3,400. ನನ್ನ ಕಾರಿಗೆ 3,200 ಹಿಡಿಸಿತು. ಕತ್ತಲಾಗಿ ಕೊಲ್ಲಿ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿ ಟ್ರ್ಯಾಕ್ ತಣ್ಣಗಾದ ಮೇಲೆ 3,000. ಆದರೆ ನಿಜವಾದ ಮೀಟರ್ ಕಿವಿ. ಟೈರ್ ಕಿರುಚಿದರೆ ಜಾಸ್ತಿಯಾಯಿತು. ಸದ್ದೇ ಇಲ್ಲದಿದ್ದರೆ ಕಮ್ಮಿ. ಬೀಸುವ ಕಲ್ಲಿನ ಹಾಗೆ ತಗ್ಗಿದ ಗುರ್ ಅನ್ನುವ ಸದ್ದು ಬಂದರೆ ಟೈರ್ ಚೂರೇ ಚೂರು ಜಾರುತ್ತಾ ಹಿಡಿಯುತ್ತಿದೆ ಅಂತ ಅರ್ಥ. ಆ ಸದ್ದನ್ನು 60 ಅಡಿಯುದ್ದಕ್ಕೂ ಉಳಿಸಿಕೊಳ್ಳುವುದೇ ಕೆಲಸ.

ಆರನೇ ಬುಧವಾರ ಆ ಸದ್ದು ಪೂರ್ತಿ ಸಿಕ್ಕಿತು. 60 ಅಡಿಗೆ 2.23, ಕಾಲು ಮೈಲಿಗೆ 15.27. ಕೊನೆಯ ವೇಗ ಅದೇ 92. ಎಂಜಿನ್‌ಗೆ ಒಂದು ಬೋಲ್ಟ್ ಕೂಡ ಹೊಸದಾಗಿ ಹಾಕಿರಲಿಲ್ಲ. ಸ್ಲಿಪ್ ಕೊಡುವ ಕಿಟಕಿಯ ದೀಪದಲ್ಲೇ ಎರಡೆರಡು ಸಲ ಓದಿಕೊಂಡೆ.

ಈಗ ನೋಟ್‌ಬುಕ್‌ನಲ್ಲಿ ಸ್ಲಿಪ್‌ನ ಮುಂದಿನ ಸಾಲಿಗೆ, ಅಂದರೆ 330 ಅಡಿಯದ್ದಕ್ಕೆ, ಕೆಂಪು ಗೆರೆ ಎಳೆದಿದ್ದೇನೆ. ಒಂದರಿಂದ ಎರಡನೇ ಗೇರ್‌ಗೆ ಹಾಕುವಾಗ ಟೈರ್ ಇನ್ನೂ ಕಿರುಚುತ್ತಿದೆ.